ಟ್ರಂಕಿನಲ್ಲಿ ಉಳಿದ ಹೊದಿಕೆ

ಮಕ್ಕಳ ವಾರ್ಡಿನಲ್ಲಿ ಚಳಿಯೆಂದರೆ ಚಳಿ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಯಂತ್ರ ತಣ್ಣನೆಯ ಗಾಳಿ ಬಿಡುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ಹೊದಿಕೆಗಳು ಇಲ್ಲವೆಂದಲ್ಲ, ಇವೆ. ಆದರೆ ಒಗೆಯಲು ಹೋದದ್ದು ಯಾವಾಗ ವಾಪಸ್ಸು ಬರುತ್ತದೋ ಹೇಳುವ ಹಾಗಿಲ್ಲ. ಬಂದರೂ ಒಂದು ಮಗುವಿಗೆ ಸಿಕ್ಕರೆ ಇನ್ನೊಂದಕ್ಕಿಲ್ಲ. ಸಿಗದ ಮಗುವಿಗೆ ಅಮ್ಮ ತನ್ನ ಶಾಲು ಹೊದಿಸಿ, ತಾನು ಕೈಕಟ್ಟಿಕೊಂಡು ಕುರ್ಚಿಯಲ್ಲಿ ಮುದುಡಿ ಕೂರುತ್ತಾಳೆ.

ಇದನ್ನು ಕೇಳಿಯೇ ನಮ್ಮ ಬೀದಿಯ ಹೆಂಗಸರು ಒಂದು ಗುಂಪು ಕಟ್ಟಿಕೊಂಡರು. ಬೀದಿಯ ಶಾಲೆ ಬಿಟ್ಟ ಮೇಲೆ ಅದರ ಹಿಂದಿನ ಕೋಣೆಯಲ್ಲಿ ಕೂತು ಆಸ್ಪತ್ರೆಯ ಮಕ್ಕಳಿಗೆ ಹೊದಿಕೆ ಹೊಲಿಯುವ ಗುಂಪು ಅದು. ಸಂಬಳವಿಲ್ಲ, ಕೂಲಿಯಿಲ್ಲ, ಮಾತು ಮಾತ್ರ ಧಾರಾಳ. ಆ ಶಾಲೆಯಲ್ಲೇ ನಿವೃತ್ತರಾದ ಹೆಡ್‌ಮೇಡಂ ಗುಂಪಿನ ಮುಂದಾಳು. ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್, ಅಂದರೆ ಮಹಡಿ ಮನೆ ಸಿಸ್ಟರ್, ಬಿಡುವಾದಾಗ ಬಂದು ಹೀಗೆ ಮಾಡಿ, ಹಾಗೆ ಬೇಡ ಎಂದು ಹೇಳಿಕೊಡುತ್ತಿದ್ದರು.

ಸಿಸ್ಟರ್ ಮನೆಯ ಕೆಳಗೇ ಟೈಲರಕ್ಕನ ಅಂಗಡಿ, ಅದರ ಹಿಂದೆಯೇ ಅವಳ ಮನೆ. ಹೊಲಿಗೆಯಲ್ಲಿ ಅವಳನ್ನು ಮೀರಿಸುವವರು ಬೀದಿಯಲ್ಲಿರಲಿಲ್ಲ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಒಂದು ಸಂಜೆ ಸಿಸ್ಟರ್ ಮೆಟ್ಟಿಲು ಹತ್ತುವ ಮುಂಚೆ ಅಂಗಡಿಯೊಳಗೆ ಇಣುಕಿದರು.

"ಅಕ್ಕಾ, ನೀವೂ ಒಂದಿಷ್ಟು ಹೊತ್ತು ಬನ್ನಿ. ನಿಮ್ಮಂಥ ಕೈ ಒಂದು ಬೇಕಿತ್ತು ನಮಗೆ."

"ಅಷ್ಟು ದೊಡ್ಡ ಆಸ್ಪತ್ರೆ ಕಟ್ಟಿದೋರಿಗೆ ನಾಲ್ಕು ಹೊದಿಕೆ ಹೊಂದಿಸೋಕೆ ಏನು ಧಾಡಿ?" ಟೈಲರಕ್ಕ ಪೆಡಲು ನಿಲ್ಲಿಸಲಿಲ್ಲ. "ಕಾಯಿಲೆ ಮಕ್ಕಳಿಗೆ ಔಷಧಿ ಬೇಕು ಸಿಸ್ಟರ್, ಹೊದಿಕೆ ಅಲ್ಲ."

"ಔಷಧಿ ಕೊಡೋಕೆ ನಾವಿದೀವಿ. ಆದ್ರೆ ಅಲ್ಲಿ ಮಗೂದು ಅಂತ ಏನೂ ಇರಲ್ಲ ಅಕ್ಕಾ. ಮಂಚ ಆಸ್ಪತ್ರೇದು, ಅಂಗಿ ಆಸ್ಪತ್ರೇದು, ಕೈಗೆ ಚುಚ್ಚಿರೋ ಸೂಜಿನೂ ಆಸ್ಪತ್ರೇದು. ಇದೊಂದು ನಂದು ಅಂತ ಹಿಡ್ಕೊಂಡು ಮಲಗೋಕೆ ಏನಾದ್ರೂ ಬೇಡ್ವಾ? ನಾವು ಕೊಟ್ಟ ಹೊದಿಕೆನ ವಾಪಸ್ ಕೇಳಲ್ಲ. ಅದು ಮಗು ಜೊತೆಗೇ ಮನೆಗೆ ಹೋಗುತ್ತೆ."

"ಚೆನ್ನಾಗಿದೆ ನಿಮ್ಮ ಮಾತು. ನನ್ನ ಹೊಟ್ಟೆಪಾಡು ನೋಡೋರು ಯಾರು?" ಎಂದು ಟೈಲರಕ್ಕ ದಾರ ಕಚ್ಚಿ ಹರಿದಳು. ಮಾತು ಅಲ್ಲಿಗೆ ಮುಗಿಯಿತು.

ಹಾಗೆಯೇ ಮುಗಿದುಹೋಗಿದ್ದರೆ ಈ ಕಥೆ ಬರೆಯುವ ಕೆಲಸ ನಮಗೆ ಇರುತ್ತಿರಲಿಲ್ಲ. ಟೈಲರಕ್ಕನ ತಂಗಿಯ ಮಗಳಿಗೆ ಜ್ವರ ಬಂತು. ಹಕ್ಕಿಯ ಹಾಗೆ ಕೊಕ್ಕಿನಷ್ಟೇ ತಿನ್ನುವ ಹುಡುಗಿ, ಮನೆಯವರೆಲ್ಲ ಗುಬ್ಬಿ ಎಂದೇ ಕರೆಯುತ್ತಿದ್ದರು. ಜ್ವರ ಬಿಡಲಿಲ್ಲ. ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ರಕ್ತದಲ್ಲೇ ತೊಂದರೆಯಿದೆ, ಚಿಕಿತ್ಸೆ ದೀರ್ಘವಾಗುತ್ತದೆ ಎಂದರು. ಗುಬ್ಬಿ ಅದೇ ವಾರ್ಡಿಗೆ ಸೇರಿದಳು.

ಟೈಲರಕ್ಕ ನೋಡಲು ಹೋದಳು. ಬಾಯಿಗೆ ಮಾಸ್ಕ್ ಕಟ್ಟಿಸಿ, ಕೈ ತೊಳೆಸಿ, ಸ್ವಲ್ಪ ಹೊತ್ತು ಮಾತ್ರ ಎಂದು ಒಳಗೆ ಬಿಟ್ಟರು. ತಂಗಿಯ ಶಾಲು ಮಗುವಿನ ಮೇಲಿತ್ತು. ತಂಗಿಯ ತೋಳಿನ ರೋಮವೆಲ್ಲ ಚಳಿಗೆ ನಿಂತಿತ್ತು.

"ದೊಡ್ಡಮ್ಮ, ನೀನು ಟೈಲರ್ ಅಲ್ವಾ?" ಎಂದಳು ಗುಬ್ಬಿ. "ನಂಗೊಂದು ಹೊದಿಕೆ ಹೊಲ್ಕೊಡು. ಹಳದಿದು. ಇಲ್ಲೀದು ಸಿಕ್ಕಿದ್ರೂ ಚುಚ್ಚುತ್ತೆ."

"ಹೊಲಿದೇ ಬಿಡ್ತೀನಿ ಕಣೇ. ನಿನಗಲ್ದೆ ಇನ್ಯಾರಿಗೆ?"

ಅಂದು ಸಂಜೆಯೇ ಟೈಲರಕ್ಕ ಶಾಲೆಯ ಹಿಂದಿನ ಕೋಣೆಗೆ ಬಂದಳು. ಯಾರೂ ಚುಚ್ಚಿ ಮಾತಾಡಲಿಲ್ಲ. ಒಬ್ಬರು ಸರಿದು ಜಾಗ ಕೊಟ್ಟರು, ಅಷ್ಟೇ. ಮೆತ್ತನೆಯ ಹಳದಿ ಹತ್ತಿ ಬಟ್ಟೆ ಆರಿಸಿ, ಎರಡು ಪದರ ಕೂಡಿಸಿ, ಅಂಚಿಗೆ ಬಣ್ಣದ ಉಣ್ಣೆಯ ಕುಚ್ಚು ಕಟ್ಟಿ, ನಾಲ್ಕು ಮೂಲೆಗೆ ಹೊಳೆಯುವ ಗುಂಡಿ ಹಚ್ಚಿದಳು. ನೋಡಿದವರು ಬಾಯಿ ಬಿಟ್ಟು ನಿಂತರು. ಸಿಸ್ಟರ್ ಬಂದು ನೋಡಿ, ಕತ್ತರಿ ಕೇಳಿದರು.

"ಗುಂಡಿ ಬೇಡ ಅಕ್ಕಾ, ಮಗು ಬಾಯಿಗೆ ಹಾಕ್ಕೊಂಡ್ರೆ ಗಂಟಲಿಗೆ ಸಿಕ್ಕೊಳ್ಳುತ್ತೆ. ಕುಚ್ಚೂ ಬೇಡ, ಬೆರಳಿಗೆ, ಕೈಯಲ್ಲಿರೋ ನಳಿಗೆಗೆ ಸುತ್ತಿಕೊಳ್ಳುತ್ತೆ. ಉಣ್ಣೆ ಎಳೆ ಉದುರಿ ಮೂಗಿಗೆ ಹೋಗುತ್ತೆ."

"ನಂಗೇ ಹೊಲಿಗೆ ಹೇಳ್ಕೊಡ್ತೀರಾ?"

"ಹೊಲಿಗೆ ನಿಮ್ದು. ವಾರ್ಡು ನಂದು." ಸಿಸ್ಟರ್ ನಕ್ಕರು. "ಸಾದಾ ಹತ್ತಿ, ಹಗುರವಾಗಿರ್ಲಿ. ಮುಗಿದ ಮೇಲೆ ಬಿಸಿನೀರಲ್ಲಿ ವಾಸನೆಯಿಲ್ಲದ ಸೋಪು ಹಾಕಿ ಒಗೀರಿ. ಚೆನ್ನಾಗಿ ಒಣಗಿಸಿ, ಶುಭ್ರವಾದ ಕವರಲ್ಲಿ ಹಾಕಿ ತಕ್ಷಣ ವಾರ್ಡಿಗೆ ಕಳಿಸಿ. ಕೂಡಿಡೋಕೆ ಹೋಗ್ಬೇಡಿ. ಮುಗಿದದ್ದು ಮುಗಿದ ಹಾಗೇ ಕೊಡಿ."

ಟೈಲರಕ್ಕ ಗೊಣಗುತ್ತಲೇ ಗುಂಡಿ ಕಿತ್ತಳು, ಕುಚ್ಚು ಬಿಚ್ಚಿದಳು. ಹೊದಿಕೆ ಒಗೆದು ಒಣಗಿತು. ಮರುದಿನವೇ ಒಯ್ದು ಕೊಡಬೇಕೆಂದಿದ್ದಳು. ಅಷ್ಟರಲ್ಲಿ ಹೆಡ್‌ಮೇಡಂ ತಡೆದರು.

"ಒಬ್ಬೊಬ್ರೇ ಒಯ್ದು ಕೊಟ್ರೆ ಯಾರಿಗೆ ಗೊತ್ತಾಗುತ್ತೆ? ಎಲ್ಲಾ ಸೇರಿಸಿ ಒಂದು ಕಾರ್ಯಕ್ರಮ ಮಾಡೋಣ. ದೊಡ್ಡೋರನ್ನ ಕರೆಯೋಣ. ಬ್ಯಾನರಲ್ಲಿ ನಿನ್ನ ಅಂಗಡಿ ಹೆಸರೂ ಹಾಕಿಸ್ತೀನಿ."

"ಮಗು ಕಾಯ್ತಿದೆ ಮೇಡಂ."

"ಎಷ್ಟು ದಿನ ಮಹಾ? ಬರೋ ವಾರ."

ಅಂಗಡಿಯ ಹೆಸರು ಬ್ಯಾನರಿನಲ್ಲಿ! ಟೈಲರಕ್ಕನ ಮನಸ್ಸು ಅಲ್ಲಿ ಜಾರಿತು. ಒಂದು ವಾರ ತಾನೇ ಎಂದುಕೊಂಡಳು. ನಾವಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಎದೆ ತಟ್ಟಿ ಹೇಳುವವರು ಯಾರಾದರೂ ಇದ್ದರೆ ಅವರಿಗೆ ದೊಡ್ಡ ನಮಸ್ಕಾರ.

ಹೊದಿಕೆಗಳೆಲ್ಲ ಕೋಣೆಯ ಕಬ್ಬಿಣದ ಟ್ರಂಕು ಸೇರಿದವು. ಅಲ್ಲಿ ಹುಳದ ಕಾಟ. ಗಿರಾಕಿಗಳ ಉಣ್ಣೆ ಕೋಟುಗಳನ್ನು ಅಂಗಡಿಯಲ್ಲಿ ಇಡುವಾಗ ಮಾಡುವ ಹಾಗೆಯೇ ಟೈಲರಕ್ಕ ಪದರ ಪದರದ ನಡುವೆ ನುಸಿಗುಳಿಗೆ ಹಾಕಿದಳು. ಕೈ ತಾನಾಗಿ ಮಾಡಿದ ಕೆಲಸ. ಯಾರನ್ನೂ ಕೇಳಲಿಲ್ಲ, ಕೇಳಬೇಕೆಂದು ಹೊಳೆಯಲೂ ಇಲ್ಲ. ಸಿಸ್ಟರಿಗೆ ಆಗ ಎರಡು ಪಾಳಿ ಕೆಲಸ, ಕೋಣೆಯ ಕಡೆ ತಲೆ ಹಾಕಲು ಪುರುಸೊತ್ತಿರಲಿಲ್ಲ.

ಬರಬೇಕಾಗಿದ್ದ ಅತಿಥಿಗಳಿಗೆ ಮೊದಲು ಊರಲ್ಲಿ ಇರಲಾಗಲಿಲ್ಲ. ಆಮೇಲೆ ಗಂಟಲು ಕೆಟ್ಟಿತು. ಆಮೇಲೆ ಇನ್ನೇನೋ. ತಂಗಿ ಫೋನ್ ಮಾಡಿದಾಗಲೆಲ್ಲ ಟೈಲರಕ್ಕನದು ಒಂದೇ ಉತ್ತರ.

"ಇನ್ನೇನು ಬಂತು ಕಣೇ. ಕಾರ್ಯಕ್ರಮ ಒಂದು ಆಗಿಬಿಡ್ಲಿ."

ಕೊನೆಗೂ ಕಾರ್ಯಕ್ರಮ ಆಯಿತು. ಆಸ್ಪತ್ರೆಯ ಮುಂದೆ ಬ್ಯಾನರು, ಭಾಷಣ, ಚಪ್ಪಾಳೆ, ಫೋಟೋ. ಅತಿಥಿಗಳು ಗಡಿಯಾರ ನೋಡಿಕೊಂಡು ಹೊರಟುಹೋದರು. ಟೈಲರಕ್ಕ ಹಳದಿ ಹೊದಿಕೆಯನ್ನು ಎದೆಗವಚಿಕೊಂಡು ವಾರ್ಡಿನ ಬಾಗಿಲಿಗೆ ಬಂದಳು. ಸಿಸ್ಟರ್ ಅದನ್ನು ಕೈಗೆ ತೆಗೆದುಕೊಂಡವರೇ ಮುಖ ಕಿವುಚಿದರು.

"ಇದಕ್ಕೇನು ಹಾಕಿದ್ರಿ ಅಕ್ಕಾ?"

"ಹುಳ ತಿನ್ನದ ಹಾಗೆ ನುಸಿಗುಳಿಗೆ."

"ಅಯ್ಯೋ ಅಕ್ಕಾ." ಸಿಸ್ಟರ್ ಬಾಗಿಲು ಎಳೆದುಕೊಂಡರು. "ಇದನ್ನಷ್ಟೇ ಅಲ್ಲ, ಇದರ ಜೊತೆ ಇಟ್ಟಿದ್ದ ಯಾವುದನ್ನೂ ಒಳಗೆ ಬಿಡೋಕೆ ಆಗಲ್ಲ. ಇಲ್ಲಿನ ಔಷಧಿಗೆ ಮಕ್ಕಳಿಗೆ ಮೊದಲೇ ವಾಂತಿ. ಈ ವಾಸನೆ ಒಗೆದ್ರೂ ಬೇಗ ಹೋಗಲ್ಲ, ಬಂದ್ರೆ ಹೊಟ್ಟೇಲಿ ನೀರೂ ನಿಲ್ಲಲ್ಲ. ಕೆಲವು ಮಕ್ಕಳ ರಕ್ತಕ್ಕೇ ಈ ಗುಳಿಗೆ ಅಪಾಯ."

"ಒಂದೇ ಒಂದು ಸಲ ತೋರಿಸಿ ತರ್ತೀನಿ ಸಿಸ್ಟರ್. ಗುಬ್ಬಿ ಕೇಳಿದ್ಲು."

"ಆಗಲ್ಲ ಅಕ್ಕಾ. ದಯವಿಟ್ಟು ಕೇಳ್ಬೇಡಿ."

ಬಾಗಿಲಿನ ಗಾಜಿನಾಚೆ ಗುಬ್ಬಿ ತಲೆ ಎತ್ತಿ ನೋಡಿದಳು. ಹಳದಿ ಕಂಡಿತು. ಕೈ ಚಾಚಿದಳು. ಟೈಲರಕ್ಕ ಹೊದಿಕೆಯನ್ನು ಬೆನ್ನ ಹಿಂದೆ ಸರಿಸಿದಳು.

ಮನೆಗೆ ಬಂದವಳೇ ಉಳಿದಿದ್ದ ಹಳದಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಕತ್ತರಿಸತೊಡಗಿದಳು. ಹಾಲಿನ ವ್ಯಾನು ಓಡಿಸುವ ಗಂಡ, "ಊಟನಾದ್ರೂ ಮಾಡು," ಎಂದ. ಅವಳು ತಲೆ ಎತ್ತಲಿಲ್ಲ. ಒಗೆಯಲು ಅವನೇ ನೀರು ಕಾಯಿಸಿ ಕೊಟ್ಟ. ಹೊಲಿದು ಒಗೆದದ್ದಾಯಿತು, ಒಣಗಬೇಕಲ್ಲ? ಮೋಡ ಕವಿದ ದಿನಗಳು. ಎರಡು ಪದರದ ಬಟ್ಟೆ, ಹಿಂಡಿದಷ್ಟೂ ತೇವ. ಒದ್ದೆಯದನ್ನು ಒಯ್ಯುವಂತಿಲ್ಲ ಎಂದು ಇಸ್ತ್ರಿ ಪೆಟ್ಟಿಗೆ ಒತ್ತುತ್ತ ನಿಂತಳು.

ಪಾಳಿ ಮುಗಿಸಿ ಬಂದ ಸಿಸ್ಟರ್ ಮೆಟ್ಟಿಲು ಹತ್ತಲಿಲ್ಲ. ಅಂಗಡಿಯ ಬಾಗಿಲಲ್ಲೇ ನಿಂತರು.

"ಆಯ್ತು ಸಿಸ್ಟರ್, ಅಂಚೊಂದು ಒಣಗಿದ್ರೆ ಆಯ್ತು," ಎಂದಳು ಟೈಲರಕ್ಕ.

"ಅಕ್ಕಾ, ಇಸ್ತ್ರಿ ಆಫ್ ಮಾಡಿ."

ಟೈಲರಕ್ಕ ಮಾಡಲಿಲ್ಲ. ಗಂಡ ಬಂದು ಸ್ವಿಚ್ಚು ಆರಿಸಿದ.

ಹೊದಿಕೆ ಬಂದಿದ್ದರೆ ಗುಬ್ಬಿ ಬದುಕುತ್ತಿದ್ದಳೇ? ಇಲ್ಲ. ಸುಳ್ಳು ಹೇಳುವುದು ಬೇಡ. ಅವಳ ಕಾಯಿಲೆ ಬಟ್ಟೆಗೆ ಬಗ್ಗುವಂಥದ್ದಲ್ಲ. ಆದರೆ ಚಳಿಯಲ್ಲಿ ಮಲಗಿ, ಕೇಳಿದ ಒಂದೇ ಒಂದು ವಸ್ತು ಸಿಗದೆ ಹೋದಳು. ಆ ವಸ್ತು ಹೊಲಿದು ಮುಗಿದಿತ್ತು, ಒಂದು ಟ್ರಂಕಿನಲ್ಲಿ ಇತ್ತು.

ಬಹಳ ದಿನ ಅಂಗಡಿ ಮುಚ್ಚಿತ್ತು. "ಅವತ್ತೇ ಹೇಳಿದ್ದೆ, ಈ ಉಸಾಬರಿ ನಮಗಲ್ಲ," ಎಂದು ಟೈಲರಕ್ಕ ಯಾರು ಕರೆದರೂ ಹೊರಗೆ ಬರಲಿಲ್ಲ. ಹೆಡ್‌ಮೇಡಂ ಎರಡು ಸಲ ಬಂದು, ಬಾಗಿಲು ತಟ್ಟಿ ಹಿಂತಿರುಗಿದರು. ಕೊನೆಗೆ ತಂಗಿ ಬಂದಳು. ಮೆಷಿನ್ನಿನ ಎದುರು ಸ್ಟೂಲಿನ ಮೇಲೆ ಕೂತಳು. ಹೊಲಿದಿಟ್ಟ ಎರಡನೆಯ ಹೊದಿಕೆ ಅಲ್ಲೇ ಮಡಿಸಿಟ್ಟಿತ್ತು.

"ದಿನಾ ಕೇಳೋಳು ಅಕ್ಕಾ. ದೊಡ್ಡಮ್ಮನ ಹೊದಿಕೆ ಇವತ್ತು ಬರುತ್ತಾ ಅಂತ. ನಾನು ದಿನಾ, ನಾಳೆ ಬರುತ್ತೆ ಅಂದೆ. ಕೊನೇಗೆ ಅವಳು ಕೇಳೋದು ಬಿಟ್ಲು."

ಟೈಲರಕ್ಕ ಮುಖ ಮುಚ್ಚಿಕೊಂಡು ಅತ್ತಳು.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತೂ ಇಲ್ಲ. ಆದ್ರೆ ಆ ಮಂಚ ಖಾಲಿ ಇಲ್ಲ ಅಕ್ಕಾ. ನಾನು ಸಾಮಾನು ಕಟ್ಟೋಕೆ ಮುಂಚೇನೇ ಇನ್ನೊಂದು ಮಗು ಬಂತು. ಅದರ ಅಮ್ಮನೂ ಶಾಲು ಹೊದಿಸಿ ಕೂತಿದ್ಲು." ತಂಗಿ ಹೊದಿಕೆಯನ್ನು ಎತ್ತಿ ಮೂಸಿ ನೋಡಿದಳು. "ಇದಕ್ಕೆ ವಾಸನೆ ಇಲ್ಲ. ಯಾಕೆ ಇಲ್ಲಿಟ್ಕೊಂಡಿದೀಯ?"

"ಭಾವ," ಎಂದು ತಂಗಿಯೇ ಒಳಗೆ ಕೂಗಿದಳು. "ವ್ಯಾನು ಆಸ್ಪತ್ರೆ ಕಡೆಗೇ ಹೋಗುತ್ತಲ್ವಾ?"

ಅವನು ಹೊರಗೆ ಬಂದು, "ಸಂಜೆ ಹೋಗುತ್ತೆ," ಎಂದ. ಟೈಲರಕ್ಕ ಹೊದಿಕೆಯನ್ನು ಇನ್ನೊಮ್ಮೆ ಒಗೆದು ಬಿಸಿಲಿಗೆ ಹಾಕಿದಳು. ಸಂಜೆಗೆ ಅದು ಕವರು ಸೇರಿ ವಾರ್ಡಿಗೆ ಹೋಯಿತು.

ಈಗ ಆ ಕೋಣೆಯಲ್ಲಿ ಟ್ರಂಕಿಲ್ಲ, ಹೆಡ್‌ಮೇಡಮ್ಮೇ ಅದನ್ನು ಗುಜರಿಗೆ ಹಾಕಿಸಿದರು. ಟೈಲರಕ್ಕ ಕತ್ತರಿಸುತ್ತಾಳೆ, ತಂಗಿ ಅಂಚು ಮಡಿಸುತ್ತಾಳೆ. ಇಬ್ಬರ ನಡುವೆ ಮಾತು ಕಡಿಮೆ. ಮುಗಿದ ಹೊದಿಕೆ ಒಗೆದು ಒಣಗಿದ ದಿನವೇ ಹಾಲಿನ ವ್ಯಾನಿನಲ್ಲಿ ಹೋಗುತ್ತದೆ. ಫೋಟೋ ತೆಗೆಯುವವರಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಮ್ಮ, ಅಣ್ಣ, ನಿಮ್ಮ ಹತ್ತಿರದ ಆಸ್ಪತ್ರೆಯಲ್ಲೂ ಮಕ್ಕಳ ವಾರ್ಡು ಇರುತ್ತದೆ. ಮೊದಲು ಅಲ್ಲಿನ ನರ್ಸನ್ನು ಕೇಳಿ, ಎಂಥದ್ದು ಬೇಕು, ಎಷ್ಟು ದೊಡ್ಡದು ಬೇಕು ಎಂದು. ಎಳೆಗೂಸಿಗೆ ಯಾವುದನ್ನು ಹೊದಿಸಬಹುದು ಎಂಬುದನ್ನೂ ಅವರೇ ಹೇಳಲಿ. ಮೆತ್ತನೆಯ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಗುಂಡಿ, ಕುಚ್ಚು, ಅತ್ತರು, ನುಸಿಗುಳಿಗೆ ಯಾವುದೂ ಬೇಡ. ನೇರ ಹೊಲಿಗೆ ಬಂದರೆ ಸಾಕು, ಅದೂ ಬಾರದಿದ್ದರೆ ಬೇರೆಯವರು ಹೊಲಿದದ್ದನ್ನು ಒಗೆದು ಒಣಗಿಸಿ ಕೊಡಿ, ಒಯ್ದು ಮುಟ್ಟಿಸಿ. ಅತಿಥಿಗಾಗಿ, ಒಳ್ಳೆಯ ದಿನಕ್ಕಾಗಿ, ಇನ್ನೂ ನಾಲ್ಕು ಸೇರಲಿ ಎಂದು ಕಾಯಬೇಡಿ. ಹೊದಿಕೆ ಒಣಗಿತೇ? ಇವತ್ತೇ ಕೊಟ್ಟು ಬನ್ನಿ. ಆ ವಾರ್ಡಿನ ಯಾವ ತಾಯಿಯೂ ತನ್ನ ಮಗುವಿಗೆ ನಾಳೆ ಎಂದು ಹೇಳುವ ಹಾಗೆ ಮಾಡಬೇಡಿ.