ಹೆಣವಿಲ್ಲದ ಪತ್ತೇದಾರಿ

ಒಂದೂರಿನಲ್ಲಿ ಒಬ್ಬ ರಾಜ. ಅವನ ಕೈಯಲ್ಲಿ ಖಡ್ಗದ ಬದಲು ಕತ್ತರಿ, ಕೊರಳಲ್ಲಿ ಮುತ್ತಿನ ಹಾರದ ಬದಲು ಅಳತೆ ಟೇಪು. ಹೊಲಿಗೆ ಅಂಗಡಿಯ ಆ ಮಾಸ್ಟರು ಕೊಲೆಯಿಲ್ಲದ ಪುಸ್ತಕವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅದೇ ರಾಜ್ಯದಲ್ಲಿ ಕಿಟಕಿ ಪಕ್ಕ ಕೂತು ಗುಂಡಿಗೆ ಕಾಜಾ ಹೊಲಿಯುವ ಅಕ್ಕನಿಗೋ, ಕಣ್ಣೀರು ಬರಿಸದ್ದು ಪುಸ್ತಕವೇ ಅಲ್ಲ.

"ಮಾಸ್ಟ್ರೇ, ನನ್ನ ಮೆಚ್ಚಿನ ಪುಸ್ತಕ ಒಂದ್ಸಲ ಓದಿ."

"ಅದರಲ್ಲಿ ಯಾರಾದ್ರೂ ಸಾಯ್ತಾರೇನಮ್ಮ?"

"ಸಾಯೋದ್ಯಾಕೆ? ಬದುಕೋಕೇ ಒದ್ದಾಡ್ತಾರೆ."

"ಹಾಗಾದ್ರೆ ಮುಂದಿನ ವಾರ ನೋಡೋಣ."

ಆ ಮುಂದಿನ ವಾರ ವರ್ಷಗಟ್ಟಲೆ ಬರಲೇ ಇಲ್ಲ. ಈಗ ಅಕ್ಕ ಮೊಮ್ಮಗುವನ್ನು ನೋಡಿಕೊಳ್ಳಲು ಮಗಳ ಊರಿಗೆ ಹೊರಟಿದ್ದಳು. ಶನಿವಾರವೇ ಕೊನೆ.

"ಹೋಗೋಕೆ ಮುಂಚೆ ಅವರು ಅದನ್ನೊಂದು ಓದಿದ್ರೆ ಸಾಕಿತ್ತು ಕಣೇ. ಇಷ್ಟು ವರ್ಷ ಎದುರುಬದುರು ಕೂತಿದ್ದೀವಿ."

"ನಾನು ಓದಿಸ್ತೀನಿ ಅಕ್ಕ," ಎಂದು ಅಂಚು ಹೊಲಿಯುವ ಪುಟ್ಟಿ ಹಿಂದುಮುಂದು ನೋಡದೆ ಮಾತು ಕೊಟ್ಟುಬಿಟ್ಟಳು. ಓದಿಸುವುದು ಹೇಗೆಂದು ಮಾತ್ರ ಹೊಳೆಯಲಿಲ್ಲ.

ಆ ಅಂಗಡಿಯಲ್ಲಿ ಪುಸ್ತಕಗಳಿಗೂ ಅಂಗಿಯಿತ್ತು. ಸೀಮೆಸುಣ್ಣ, ಮಿಷನ್ ಎಣ್ಣೆ ತಾಗದಿರಲೆಂದು ಕೋಟಿನ ಒಳಬಟ್ಟೆಯ ಚೂರುಗಳಲ್ಲಿ ಪುಟ್ಟಿಯೇ ಹೊಲಿದದ್ದು. ಕೊಲೆಗೆ ಕಪ್ಪು, ಕಣ್ಣೀರಿಗೆ ಗುಲಾಬಿ. ಆ ವಾರ ಇಸ್ತ್ರಿಯಣ್ಣ ಮಾಸ್ಟರಿಗೊಂದು ಪುಸ್ತಕ ತಂದು, "ಕೊಲೆಗಾರ ಯಾರಂತ ಕೊನೇ ಹಾಳೆವರೆಗೂ ಗೊತ್ತಾಗಲ್ಲ, ತಾಳ್ಮೆಯಿರಲಿ" ಎಂದಿದ್ದ. ಪುಟ್ಟಿ ಕೊಳೆಯಾದ ಅಂಗಿಗಳನ್ನು ಒಗೆದು ಒಣಗಿಸಿ, ಕೊಟ್ಟ ಮಾತನ್ನೇ ಯೋಚಿಸುತ್ತ ಮತ್ತೆ ತೊಡಿಸಿದಳು. ಕಪ್ಪಂಗಿಯದ್ದು ಮಾಸ್ಟರ ಚೀಲ ಸೇರಿತು.

ನಡುವಾರದ ಚಹಾ ಹೊತ್ತಿನಲ್ಲಿ ಮಾಸ್ಟರು ಗೊಣಗಿದರು. "ಅರ್ಧ ಮುಗೀತು, ಇನ್ನೂ ಹೆಣವೇ ಬಿದ್ದಿಲ್ಲ ಕಣಯ್ಯ. ನನಗಂತೂ ಆ ಅತ್ತಿಗೆ ಮೇಲೇ ಅನುಮಾನ. ಕದ್ದುಮುಚ್ಚಿ ಮೈದುನನ ಹಾಲಿಗೆ ಏನೋ ಬೆರೆಸ್ತಾಳೆ."

ಅಕ್ಕನ ಸೂಜಿ ನಿಂತಿತು. ಪುಟ್ಟಿ ಕೈಚಾಚಿ ಕಪಾಟಿನ ಗುಲಾಬಿ ಅಂಗಿಯದ್ದನ್ನು ಬಿಡಿಸಿದಳು. ಮೊದಲ ಸಾಲಿನಲ್ಲೇ ಹೆಣ! ತೊಡಿಸುವಾಗ ಅಂಗಿಗಳು ಅದಲುಬದಲಾಗಿದ್ದವು. ಅಕ್ಕನ ಪುಸ್ತಕದ ಹೆಸರಿನ ಹಾಳೆ ಎಂದೋ ಹರಿದುಹೋಗಿತ್ತು. ಮಾಸ್ಟರಿಗೆ ತಿಳಿಯುವುದಾದರೂ ಹೇಗೆ? ತಿಳಿದರೆ ಅಲ್ಲೇ ಮಡಚಿಡುತ್ತಾರೆ.

"ಯಾವ ಅತ್ತಿಗೆ?" ಎಂದು ಬಾಯಿ ತೆರೆದ ಇಸ್ತ್ರಿಯಣ್ಣನ ಕಾಲನ್ನು ಪುಟ್ಟಿ ಮೇಜಿನಡಿ ತುಳಿದಳು.

"ಅದು ಸಕ್ಕರೆ ಕಣೇ," ಎಂದು ಅಕ್ಕ ಅವಳ ಕಿವಿಯಲ್ಲಿ ಉಸುರಿದಳು.

ಶನಿವಾರ ಅಕ್ಕ ಸೂಜಿಡಬ್ಬಿ ಗಂಟು ಕಟ್ಟುತ್ತಿದ್ದರೆ, ಮಾಸ್ಟರು ಬಟ್ಟೆ ಹಾಸಿಟ್ಟು, ಕತ್ತರಿ ಮುಟ್ಟದೆ, ಪುಸ್ತಕದಲ್ಲಿ ಮುಳುಗಿದ್ದರು.

"ಊಟಕ್ಕೆ ಬನ್ನಿ ಮಾಸ್ಟ್ರೇ," ಎಂದಳು ಅಕ್ಕ.

"ಇರಮ್ಮ, ಅವಳು ಮನೆ ಬಿಟ್ಟು ಹೊರಟಿದ್ದಾಳೆ. ಆ ದಡ್ಡ ಮೈದುನ ತಡೀತಾನೇ ಇಲ್ಲ."

"ಕೊಲೆಗಾರ್ತಿ ತಾನೆ, ಹೋಗಲಿ ಬಿಡಿ."

"ಯಾರು ಕೊಲೆಗಾರ್ತಿ? ಅದು ಬರೀ ಸಕ್ಕರೆ. ಹುಡುಗನಿಗೆ ಸಪ್ಪೆ ಹಾಲು ಗಂಟಲಲ್ಲಿ ಇಳೀತಿರಲಿಲ್ಲ, ಅದಕ್ಕೆ..." ಮಾಸ್ಟರು ತಲೆಯೆತ್ತಿದರು. ಅಕ್ಕನ ಮುಖ ನೋಡಿದರು. ಕಪ್ಪಂಗಿ ಸರಿಸಿ ಸವೆದ ರಟ್ಟು ನೋಡಿದರು. ಪುಟ್ಟಿ ನೆಲ ನೋಡುತ್ತಿದ್ದಳು.

"ಇದು ನಿನ್ನದಲ್ವೇನಮ್ಮ?"

"ಬೇಡದಿದ್ರೆ ಕೊಟ್ಬಿಡಿ, ಗಂಟಲ್ಲಿ ಜಾಗ ಇದೆ."

ಮಾಸ್ಟರು ಪುಟ್ಟಿಯತ್ತ ಒಮ್ಮೆ ಕಣ್ಣರಳಿಸಿ, ಕುರ್ಚಿಯನ್ನು ಕಿಟಕಿ ಬೆಳಕಿಗೆ, ಅಕ್ಕನ ಪಕ್ಕಕ್ಕೆ ಎಳೆದುಕೊಂಡರು.

"ಸುಮ್ನಿರಿ ಎಲ್ಲ. ಇನ್ನೊಂದೇ ಹಾಳೆ."

ಅದನ್ನೂ ಓದಿ ಮುಗಿಸಿದರು.