ಅಪ್ಪ ಬದುಕಿರೋವಾಗ್ಲೇ ಬೋಳಿಸಿದ ತಲೆ

ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ಈ ಅರಳಿ ಮರ ನನ್ನ ನೆತ್ತಿ ಮೇಲೇ ಬೀಳ್ಲಿ. ಮೇಲೆ ನೋಡ್ಬೇಡ ಕಿಟ್ಟಿ, ಕಾಫಿ ಆರುತ್ತೆ, ಕುಡೀತಾ ಕೇಳು.

ಎಪ್ಪತ್ನಾಲ್ಕನೇ ಇಸವಿ. ರಾಜಾಜಿನಗರದಲ್ಲಿ ಲಕ್ಷ್ಮೀಪತಿ ಅಂತ ಒಬ್ಬ ಇದ್ದ. ಇಪ್ಪತ್ತಾರು ವರ್ಷ, ಫ್ಯಾಕ್ಟರಿ ಸ್ಟೋರ್ಸಲ್ಲಿ ಗುಮಾಸ್ತ. ಮನೇಲಿ ಅವನು, ಅವರಪ್ಪ ಪದ್ಮನಾಭಯ್ಯ, ಇಬ್ಬರೇ. ತಾಯಿ ತೀರ್ಕೊಂಡು ಹತ್ತು ವರ್ಷ ಆಗಿತ್ತು. ಆ ಮನೆಗೆ ಬಾಡಿಗೆಗೆ ಬಂದು ಎರಡೇ ತಿಂಗಳು. ಪದ್ಮನಾಭಯ್ಯ ಅಂದ್ರೆ ವರಾಂಡದಲ್ಲಿ ಪೇಪರ್ ಕೆಳಗೆ ಕಾಣೋ ಎರಡು ಕಾಲು ಅಂತ ಮಾತ್ರ ಬೀದಿಗೆ ಗೊತ್ತು.

ಲಕ್ಷ್ಮೀಪತಿಗೆ ಕೂದಲು ಉದುರ್ತಿತ್ತು. ಎಷ್ಟು ಅಂದ್ರೆ, ಒಂದಿನ ಬೆಳಿಗ್ಗೆ ದಿಂಬಿನ ಮೇಲಿದ್ದ ರಾಶಿ ನೋಡಿ ಬೆಕ್ಕು ಮಲಗಿದೆ ಅಂದ್ಕೊಂಡು ಅವರಪ್ಪ ಬಟ್ಟಲಲ್ಲಿ ಹಾಲಿಟ್ಟಿದ್ರು.

ಅಷ್ಟರಲ್ಲಿ ಮೂರು ಹೆಣ್ಣು ನೋಡಿ ಆಗಿತ್ತು. ಈ ಹೆಣ್ಣು ನೋಡೋದ್ರಲ್ಲಿ ಒಂದು ತೊಂದರೆ ಇದೆ. ಹುಡುಗ ಕೂತಿರ್ತಾನೆ, ಹುಡುಗಿ ನಿಂತು ಬಗ್ಗಿ ಕಾಫಿ ಕೊಡ್ತಾಳೆ. ಅವಳಿಗೆ ಮೊದಲು ಕಾಣೋದೇ ನೆತ್ತಿ. ಮೂರು ಕಡೆಯಿಂದಲೂ 'ಜಾತಕ ಕೂಡ್ಲಿಲ್ಲ' ಅಂತ ಕಾಗದ ಬಂತು. ನಾಲ್ಕನೇದು ಬಸವೇಶ್ವರನಗರದ ಗೋಪೀನಾಥ ಮೇಷ್ಟ್ರ ಮಗಳು ಜಲಜಾ. ಅವಳ ಫೋಟೋನ ಲಕ್ಷ್ಮೀಪತಿ ಜೇಬಲ್ಲಿಟ್ಕೊಂಡು ಓಡಾಡಿ, ಮೂಲೆ ಎಲ್ಲ ಸವೆದು ಫೋಟೋ ದುಂಡಗಾಗಿತ್ತು. ಈ ಹುಡುಗಿ ಒಪ್ಪದೇ ಹೋದ್ರೆ ಮದುವೆ ಅನ್ನೋ ಮಾತೇ ಬೇಡ ಅಂತ ತೀರ್ಮಾನ ಮಾಡ್ಬಿಟ್ಟಿದ್ದ. ಇವನ ಕಡೆಯಿಂದ ಹೋಗಿದ್ದ ಫೋಟೋ ಬಿ.ಕಾಂ. ಪಾಸಾದಾಗ ತೆಗೆಸಿದ್ದು. ಅದ್ರಲ್ಲಿ ಕ್ರಾಪು ಫ್ರೇಮಿಂದ ಆಚೆ ಹೋಗಿತ್ತು.

ಪುಣ್ಯಕ್ಕೆ ಆಷಾಢ ಬಂತು. ಹೆಣ್ಣು ನೋಡೋದು ಶ್ರಾವಣಕ್ಕೆ ಹೋಯ್ತು. ಕೈಲಿ ನಲವತ್ತು ದಿನ.

ಮೊದಲು ಇಂಗ್ಲಿಷ್ ಡಾಕ್ಟರ ಹತ್ರ ಹೋದ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಇದು ವಂಶದಲ್ಲಿ ಬರೋದು, ಔಷಧಿ ಇಲ್ಲ" ಅಂದ್ರು. ಅವರ ಬೋಳು ತಲೆ ಮೇಲೇ ಟ್ಯೂಬ್‌ಲೈಟು ಹೊಳೀತಿತ್ತು, ಇವನು ಎದ್ದು ಬಂದ. ವಿಜಯನಗರದ ಪಂಡಿತರೊಬ್ಬರು ಎಣ್ಣೆ ಕೊಟ್ರು. ಅದು ನೆತ್ತಿ ಬಿಟ್ಟು, ಹಚ್ಚಿದ ಅಂಗೈಲಿ ಕೂದಲು ಬೆಳೆಸ್ತು. ನಗ್ಬೇಡ, ವಾರಕ್ಕೊಂದ್ಸಲ ಅಂಗೈ ಶೇವ್ ಮಾಡ್ಕೊತಿದ್ದ. ಆಮೇಲೆ ಈರುಳ್ಳಿ ರಸ. ಅದನ್ನ ಹಚ್ಕೊಂಡು ಬಸ್ ಹತ್ತಿದ್ರೆ ಮೆಜೆಸ್ಟಿಕ್‌ವರೆಗೂ ಬಸ್ಸಿಗೆ ಬಸ್ಸೇ ಅಳ್ತಿತ್ತು. ಕಂಡಕ್ಟರು ಕಣ್ಣೊರೆಸ್ಕೊಂಡು, "ಸಾರ್, ಏನಾಯ್ತೋ ಗೊತ್ತಿಲ್ಲ, ಟಿಕೆಟ್ ಬೇಡ, ಕೂತ್ಕೊಳಿ" ಅಂದಿದ್ದ.

ಕೊನೇಗೆ ಹೋಗಿದ್ದು ಕ್ಷೌರದ ಬೆಟ್ಟಯ್ಯನ ಹತ್ರ.

"ಬೋಳಿಸ್ಬಿಡಿ ಸಾಮಿ" ಅಂದ ಬೆಟ್ಟಯ್ಯ. "ಬೋಳಿಸಿದ್ರೆ ಗರಿಕೆ ಥರ ಹಬ್ಬುತ್ತೆ. ಮೀಸೇನೂ ತೆಗೀಬೇಕು."

"ಮೀಸೆ ಏನ್ ಮಾಡ್ತಪ್ಪಾ ನಿಂಗೆ?"

"ನೆತ್ತಿಗೆ ಹೋಗೋ ಸಾರ ಎಲ್ಲ ದಾರೀಲೇ ಅದು ತಿಂತಾ ಐತೆ. ನೋಡಿ, ಹೆಂಗೆ ಕೊಬ್ಬೈತೆ."

ಲಕ್ಷ್ಮೀಪತಿ ಹೂಂ ಅಂದ. ಹತ್ತು ನಿಮಿಷದಲ್ಲಿ ತಲೇನೂ ಇಲ್ಲ, ಮೀಸೇನೂ ಇಲ್ಲ.

ನಮ್ಮ ಕಡೆ ಗಂಡಸು ತಲೆ ಮೀಸೆ ಎರಡೂ ಒಟ್ಟಿಗೆ ತೆಗೆಸಿದ್ರೆ ಎರಡೇ ಕಾರಣ. ಒಂದು ತಿರುಪತಿ ಮುಡಿ. ಇನ್ನೊಂದು ಅಪ್ಪನೋ ಅಮ್ಮನೋ ಹೋಗಿರ್ಬೇಕು. ಬೀದಿ ತಿರುವಲ್ಲೇ ಎದುರುಮನೆ ಕಮಲಾಕ್ಷಮ್ಮ ಸಿಕ್ರು.

"ತಿರುಪತಿಗೆ ಹೋಗಿದ್ಯೇನಪ್ಪಾ?"

"ಹೂಂ ಆಂಟಿ" ಅಂದ, ನಾಚಿಕೆಗೆ.

"ಲಡ್ಡು ಎಲ್ಲಿ?"

ಅವನ ಕೈಲಿದ್ದದ್ದು ಒಂದು ಕಟ್ಟು ಸೊಪ್ಪು. ಕಮಲಾಕ್ಷಮ್ಮ ಸೊಪ್ಪು ನೋಡಿದ್ರು, ತಲೆ ನೋಡಿದ್ರು, ಖಾಲಿ ವರಾಂಡ ನೋಡಿದ್ರು. ಪೇಪರೂ ಇಲ್ಲ, ಕಾಲೂ ಇಲ್ಲ. ಪದ್ಮನಾಭಯ್ಯ ಚನ್ನಪಟ್ಟಣಕ್ಕೆ ತಂಗಿ ಮನೆಗೆ ಹೋಗಿ ಎಂಟು ದಿನ ಆಗಿತ್ತು. ಕಮಲಾಕ್ಷಮ್ಮ ಸೆರಗು ಬಾಯಿಗೆ ಹಿಡ್ಕೊಂಡು ಮನೆಗೆ ಹೋದ್ರು.

ಅವತ್ತು ಸಾಯಂಕಾಲವೇ ಪದ್ಮನಾಭಯ್ಯ ಗಡ್ಡ ಬಿಟ್ಕೊಂಡು, ಬ್ಯಾಗ್ ಹಿಡ್ಕೊಂಡು ಬಸ್ಸಿಳಿದು ಬಂದ್ರು. ಗೇಟ್ ತೆಗೆಯೋಕೆ ಮುಂಚೆ ಕಮಲಾಕ್ಷಮ್ಮ ಒಂದು ಡಬರಿ ಉಪ್ಪಿಟ್ಟು ಕೈಗಿಟ್ರು.

"ಸಾವಾದ ಮನೇಲಿ ಒಲೆ ಹಚ್ಚಬಾರದು. ನೀವು ಅವರ ಅಣ್ಣ ಅನ್ಸುತ್ತೆ, ಕಾಲು ನೋಡಿದ್ರೇ ಗೊತ್ತಾಗುತ್ತೆ."

ಪದ್ಮನಾಭಯ್ಯ ಉಪ್ಪಿಟ್ಟನ್ನ ಮೂಸಿ ನೋಡಿ, "ಹೌದು" ಅಂದ್ರು.

ಒಳಗೆ ಲಕ್ಷ್ಮೀಪತಿ ಬಡ್ಕೊಂಡ. "ಅಪ್ಪಾ, ಈಗ್ಲೇ ಹೋಗಿ ಹೇಳಿ ನೀವು ಸತ್ತಿಲ್ಲ ಅಂತ."

"ಉಪ್ಪಿಟ್ಟಲ್ಲಿ ಗೋಡಂಬಿ ನೋಡಿ ಹತ್ತು ವರ್ಷ ಆಯ್ತು ಕಣೋ. ನೀನು ಮಾಡೋ ಸಾರು ತಿಂದು ಬದುಕಿದ್ದೇ ಹೆಚ್ಚು. ಹದಿಮೂರು ದಿನ ಸುಮ್ನಿರು."

ಮಾರನೇ ದಿನ ಇಡ್ಲಿ, ಅದರ ಮಾರನೇ ದಿನ ಬಿಸಿಬೇಳೆ ಭಾತು. ಬಂದೋರೆಲ್ಲ ಪದ್ಮನಾಭಯ್ಯನ ಪಕ್ಕದಲ್ಲೇ ಕೂತು ಪದ್ಮನಾಭಯ್ಯನ್ನ ಹೊಗಳಿದ್ರು. ಅವರು ತಲೆದೂಗಿ, "ಅಷ್ಟೇನಿರ್ಲಿಲ್ಲ, ಹತ್ತಿರದಿಂದ ನೋಡಿದೀನಿ" ಅಂತಿದ್ರು.

ಸುದ್ದಿ ಮೂರೇ ದಿನಕ್ಕೆ ಬಸವೇಶ್ವರನಗರ ಮುಟ್ತು. ಅಪ್ಪ ಹೋದ ಮನೇಲಿ ಒಂದು ವರ್ಷ ಶುಭಕಾರ್ಯ ಇಲ್ಲ. ಗೋಪೀನಾಥ ಮೇಷ್ಟ್ರಿಗೆ ಅಷ್ಟು ದಿನ ಕಾಯೋಕೆ ಇಷ್ಟ ಇರ್ಲಿಲ್ಲ, ಮೈಸೂರಿಂದ ಇನ್ನೊಂದು ಸಂಬಂಧ ಬಂದಿತ್ತು. ಮಗಳ ಜಾತಕ ವಾಪಸ್ ತಗೊಂಡು, ಹಾಗೇ ಸಮಾಧಾನ ಹೇಳಿ ಹೋಗೋಣ ಅಂತ ಭಾನುವಾರ ಬಂದ್ರು. ಮೇಷ್ಟ್ರಿಗೆ ದಾರಿ ಮರೆಯೋ ಅಭ್ಯಾಸ, ಅದಕ್ಕೆ ಮಗಳನ್ನೂ ಕರ್ಕೊಂಡೇ ಬಂದ್ರು.

ಲಕ್ಷ್ಮೀಪತಿ ಬಾಗಿಲು ತೆಗೆದ. ಫೋಟೋಲಿದ್ದ ಜಲಜಾ ಎದುರಿಗೆ ನಿಂತಿದಾಳೆ. ಇವನ ತಲೆ ಗುಂಡುಕಲ್ಲು. ಮುಚ್ಕೊಳ್ಳೋಕೆ ಒಂದು ಟವೆಲ್ಲೂ ಇಲ್ಲ.

ಮೇಷ್ಟ್ರು ಪದ್ಮನಾಭಯ್ಯನ ಕೈ ಹಿಡ್ಕೊಂಡ್ರು. "ಎಂಥಾ ಮನುಷ್ಯ."

"ನೋಡಿದ್ರಾ ಅವರನ್ನ?"

"ಇಲ್ಲ. ಅವರು ಬರೆದ ಕಾಗದ ನೋಡಿದ್ದೆ. ಅಕ್ಷರ ಮುತ್ತಿನ ಹಾಗಿತ್ತು. ಆ ಜಾತಕ ಕೊಟ್ಬಿಟ್ರೆ..."

ಪದ್ಮನಾಭಯ್ಯ ಮಗನ ಮುಖ ನೋಡಿದ್ರು. ಲಕ್ಷ್ಮೀಪತಿ ಎದ್ದು ಬೀರು ತೆಗೆದ. ಜಾತಕ ಕೈಗೆ ಬಂತು. ಕೊಟ್ರೆ ಮರ್ಯಾದೆಯಾಗಿ ಮುಗಿಯುತ್ತೆ. ಅಪ್ಪ ಸತ್ತ ಹುಡುಗ, ಪಾಪ, ಅಂತ ಆ ಹುಡುಗಿ ಒಳ್ಳೇದಾಗೇ ನೆನೆಸ್ಕೊತಾಳೆ. ಕೊಡದೇ ಇದ್ರೆ ತಲೆ ಯಾಕೆ ಬೋಳಿಸ್ದೆ ಅಂತ ಅವಳ ಎದುರಿಗೇ ಹೇಳ್ಬೇಕು.

ಜಲಜಾ ಗೋಡೆ ನೋಡ್ತಿದ್ಲು. "ನಿಮ್ಮ ತಾಯಿ ಫೋಟೋಗೆ ಹಾರ ಹಾಕಿದೀರ. ತಂದೇದು ಯಾಕೆ ಹಾಕಿಲ್ಲ?"

"ಯಾಕಂದ್ರೆ ಅವರು ಇಲ್ಲೇ ಕೂತಿದಾರೆ" ಅಂದ ಲಕ್ಷ್ಮೀಪತಿ. ಕೈಲಿದ್ದ ಜಾತಕ ಒದ್ದೆಯಾಗಿತ್ತು. "ನಿಮ್ಮ ತಂದೆ ಕೈ ಹಿಡ್ಕೊಂಡಿರೋದೇ ನಮ್ಮಪ್ಪನ್ನ. ಯಾರೂ ಸತ್ತಿಲ್ಲ. ನನಗೆ ಕೂದಲು ಉದುರ್ತಿದೆ. ನೀವು ನೋಡೋ ಹೊತ್ತಿಗೆ ಬರ್ಲಿ ಅಂತ ಬೋಳಿಸ್ದೆ. ಬರುತ್ತೋ ಇಲ್ವೋ ಗೊತ್ತಿಲ್ಲ."

ಮೇಷ್ಟ್ರು ಪದ್ಮನಾಭಯ್ಯನ ಕೈನ ನಿಧಾನಕ್ಕೆ ವಾಪಸ್ ಅವರ ತೊಡೆ ಮೇಲೇ ಇಟ್ರು.

ಜಲಜಾ ಅವನ ನೆತ್ತಿ ನೋಡಿದ್ಲು. ಆತುರ ಇಲ್ದೆ, ಪೇಪರ್ ಓದೋ ಹಾಗೆ ನೋಡಿದ್ಲು. "ಆ ಫೋಟೋಲಿ ಕೂದಲೊಂದೇ ಕಂಡಿದ್ದು, ನೀವು ಕಂಡಿರ್ಲಿಲ್ಲ. ಈಗ ಕಿವಿ ಕಾಣ್ತಿದೆ. ಕಿವಿ ಚೆನ್ನಾಗಿದೆ."

"ಜಲಜಾ" ಅಂದ್ರು ಮೇಷ್ಟ್ರು.

"ಜಾತಕ ಅವರ ಹತ್ರಾನೇ ಇರ್ಲಿ ಅಪ್ಪಾ. ಮೈಸೂರಿನೋರಿಗೆ ಕಾಗದ ಬರೀರಿ."

ಅಲ್ಲಿಗೆ ಹುಡುಗಿ ಒಪ್ಪಿದ ಹಾಗಾಯ್ತು. ಆದ್ರೆ ನಿಜ ಗೊತ್ತಾದ್ರೂ ಬೀದಿ ಒಪ್ಲಿಲ್ಲ. ಹದಿಮೂರನೇ ದಿನದ ಊಟ ಎಲ್ಲಿ ಅಂತ ಕಮಲಾಕ್ಷಮ್ಮ ಕೇಳಿದ್ರು. ಇಷ್ಟು ದಿನ ತಿಂಡಿ ಕೊಟ್ಟೋರು ಕೇಳೋದ್ರಲ್ಲಿ ತಪ್ಪೇನಿದೆ. ಸರಿ, ಎಲೆ ಹಾಕಿದ್ರು. ಸತ್ತೋರೇ ಸೊಂಟಕ್ಕೆ ಟವೆಲ್ ಕಟ್ಕೊಂಡು ಪಾಯಸ ಬಡಿಸಿದ್ರು, ಅದೇ ಪಂಕ್ತೀಲಿ ಜಲಜಾ ಮನೆಯೋರೂ ಕೂತ್ರು.

ಇನ್ನು ಕೂದಲು. ಬೆಟ್ಟಯ್ಯ ಸುಳ್ಳು ಹೇಳಿರ್ಲಿಲ್ಲ ಕಿಟ್ಟಿ. ಶ್ರಾವಣದಲ್ಲಿ ಮೊಳಕೆ ಬಂತು, ಕಾರ್ತೀಕದ ಹೊತ್ತಿಗೆ ದಿನಕ್ಕೆರಡು ಸಲ ಕತ್ತರಿಸ್ಬೇಕಾಯ್ತು. ಮದುವೆ ದಿನ ಬಾಸಿಂಗ ಕಟ್ಟಿ ಹಸೆಮಣೆ ಮೇಲೆ ಕೂರಿಸಿದಾರೆ, ಪುರೋಹಿತರು ಅಕ್ಷತೆ ಹಾಕ್ತಾರೆ, ಒಂದು ಕಾಳೂ ಕೆಳಗೆ ಬೀಳ್ತಿಲ್ಲ. ಏನು ಅಂತ ಜಲಜಾ ಕೈ ಹಾಕಿ ನೋಡ್ತಾಳೆ, ಒಳಗೆ ಒಂದು ಗುಬ್ಬಚ್ಚಿ ಅಕ್ಷತೆ ತಿಂತಾ, ಮೂರು ಮೊಟ್ಟೆ ಇಟ್ಕೊಂಡು... ಎಲ್ಲಿಗೋ ಹೊರಟೆ? ಮೊಟ್ಟೆ ನಾನೇ ಕಣ್ಣಾರೆ ನೋಡಿದೀನಿ, ಅದ್ರಲ್ಲಿ ಒಂದು ಆಗ್ಲೇ ಬಿರುಕು ಬಿಟ್ಟು, ಅದರೊಳಗಿಂದ... ಕಿಟ್ಟಿ, ನೀನು ಹಾಕ್ಕೊಂಡಿರೋ ಚಪ್ಪಲಿ ನಂದು ಕಣೋ, ಅದು ಎಡಗಾಲಿಂದು ಸ್ವಲ್ಪ ಕಚ್ಚುತ್ತೆ!