ತಲೆಕೆಳಗಾದ ಗಡಿಯಾರ

“ಬೇಡ ಅಂದ್ರೆ ಬೇಡ. ಅಮ್ಮನ ಜೊತೆಗೇ ಹೋಗ್ಲಿ ಅದು,” ಎನ್ನುತ್ತ ಮಗಳು ತೀರಿಹೋದ ತಾಯಿಯ ಬಿಳಿ ಯೂನಿಫಾರಂ ಎದೆಗೆ ಗಡಿಯಾರ ಚುಚ್ಚಲು ಬಾಗಿದಳು. ಅರ್ಧ ಊರಿನ ಬಟ್ಟೆ ಹೊಲಿದ ಟೈಲರ್ ಕೈ ಅದು. ಕಣ್ಣು ಮುಚ್ಚಿಕೊಂಡು, ಓಡುವ ಬಸ್ಸಿನಲ್ಲಿ ನಿಂತು ಸೂಜಿಗೆ ದಾರ ಪೋಣಿಸಬಲ್ಲ ಕೈ. ಇವತ್ತು ಒಂದು ಪಿನ್ನು ಮೂರು ಸಲ ಜಾರಿತು.

“ತಲೆ ಕೆಟ್ಟಿದೆಯೇನೇ ನಿಂಗೆ? ನಂಗಾದ್ರೂ ಕೊಡು,” ಎಂದ ಅಣ್ಣ. ಲಾರಿ ಡ್ರೈವರು, ಬಾಗಿಲಲ್ಲಿ ನಿಂತರೆ ಕೋಣೆಯೊಳಗೆ ಸಂಜೆಯಾಗುತ್ತಿತ್ತು. ಬೆಳಗಿನಿಂದ ಅವನು ಸುರಿಸಿದ ಕಣ್ಣೀರಲ್ಲಿ ಎರಡು ಲಾರಿ ತೊಳೆಯಬಹುದಿತ್ತು. “ಆ ಗಡಿಯಾರ ನೋಡ್ಕೊಂಡೇ ದೊಡ್ಡೋರಾದ್ವಿ ನಾವು.”

“ಅಮ್ಮನೂ ಅದನ್ನೇ ನೋಡ್ಕೊಂಡಿದ್ಲು, ನಮ್ಮನ್ನಲ್ಲ.”

ತಲೆಕೆಳಗಾಗಿ ನೇತಾಡುವ, ತೊಟ್ಟವಳ ಕಣ್ಣಿಗೆ ಮಾತ್ರ ನೆಟ್ಟಗೆ ಕಾಣುವ ನರ್ಸ್ ಗಡಿಯಾರ. ಅಮ್ಮನ ಮೈಮೇಲೆ ಇರುವ ತನಕ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಈಗ ನಾಲ್ಕೂ ಇಪ್ಪತ್ತಕ್ಕೆ ನಿಂತಿತ್ತು. ಮೂರು ವಾರ ಹಾಸಿಗೆ ಹಿಡಿದವಳು ಕೀಲಿ ಎಲ್ಲಿ ಕೊಟ್ಟಾಳು ಎಂದುಕೊಂಡಳು ಮಗಳು.

ಅಂಗಳದಲ್ಲಿ ಸೂಜಿ ಬಿದ್ದರೆ ನೆಲ ಮುಟ್ಟದಷ್ಟು ಜನ. ಮೂವತ್ತೆಂಟು ವರ್ಷದ ಸರ್ವಿಸಿನಲ್ಲಿ ಹೆರಿಗೆ ಮಾಡಿಸಿ ಅರ್ಧ ಊರನ್ನು ಭೂಮಿಗೆ ಇಳಿಸಿಕೊಂಡವಳು, ಉಳಿದರ್ಧಕ್ಕೆ ಇಂಜೆಕ್ಷನ್ ಚುಚ್ಚಿದವಳು ಹೋಗಿದ್ದಾಳೆಂದರೆ ಸುಮ್ಮನೆಯೇ? ನಡುವೆ ಹಳೆಯ ವಾರ್ಡಿನ ಆಯಾ ಕೂತಿದ್ದಳು. ಅವಳು ಅತ್ತರೆ ಮೂರು ಬೀದಿಯಾಚೆ ಬಸ್ಸುಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ಅದಕ್ಕೇ ಅವಳ ಹೆಸರು ಸೈರನ್.

“ನಮ್ಮ ಸಿಸ್ಟರ್ ಒಂದ್ಸಲ ಗದರಿದ್ರೆ ಜ್ವರ ಇಳೀತಿತ್ತು! ಥರ್ಮಾಮೀಟರ್ ಹಿಡ್ಕೊಂಡು ನಾನೇ ನೋಡಿದೀನಿ!”

“ಹಾಗಾದ್ರೆ ಹೆಣನೂ ಎದ್ದು ಕೂರ್ತಿತ್ತು ಅನ್ನು,” ಎಂದ ವಾಚ್ ರಿಪೇರಿ ಅಜ್ಜ.

“ಕೂರ್ತಿತ್ತು. ಸಿಸ್ಟರೇ ‘ಈಗ ತಾನೇ ಬೆಡ್‌ಶೀಟ್ ಬದಲಾಯಿಸಿದೀನಿ, ಸುಮ್ನೆ ಮಲ್ಕೋ’ ಅಂದ್ಬಿಡ್ತಿದ್ರು.”

ಅಳುತ್ತಿದ್ದವರು ಮೂಗೊರೆಸಿಕೊಂಡು ನಕ್ಕರು. ಒಳಗೆ ಮಗಳು ನಗಲಿಲ್ಲ.

*

ಆಗ ಮಗಳಿಗೆ ಏಳು ವರ್ಷ, ಕಾವಲಿಯಂಥ ಜ್ವರ. ಡ್ಯೂಟಿಗೆ ಹೊರಟ ಅಮ್ಮ ಮಂಚದ ಅಂಚಿಗೆ ಕೂತು ಮಣಿಕಟ್ಟು ಹಿಡಿದಳು. ಅಪ್ಪಿಕೊಳ್ಳುವುದು, ಮುದ್ದಿಸುವುದು ಅವಳಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ನಾಡಿ ಹಿಡಿಯುವುದೊಂದೇ. ಕಣ್ಣು ಎದೆಯ ಗಡಿಯಾರದ ಮೇಲೆ. ಮುಳ್ಳು ಒಂದು ಸುತ್ತು ಬಂತೋ ಇಲ್ಲವೋ, ಕೈ ಬಿಟ್ಟಳು.

“ನೂರಾ ಹತ್ತು. ಏನೂ ಆಗಲ್ಲ ನಿಂಗೆ. ಅಣ್ಣ ಗಂಜಿ ಕೊಡ್ತಾನೆ.”

“ಇನ್ನೂ ಸ್ವಲ್ಪ ಹಿಡ್ಕೋಮ್ಮ.”

“ವಾರ್ಡಲ್ಲಿ ನಲವತ್ತು ಜನ ಕಾಯ್ತಿದಾರೆ, ಪುಟ್ಟಿ.”

ಚಪ್ಪಲಿ ಸದ್ದು ಮೆಟ್ಟಿಲಿಳಿದು ಹೋಯಿತು.

ಎಷ್ಟೋ ವರ್ಷಗಳ ಮೇಲೆ, ರಿಟೈರಾದ ಅಮ್ಮ ಭಾನುವಾರ ಬಂದ ಮಗಳ ಕೈ ಹಿಡಿದು ಕೂರುತ್ತಿದ್ದಳು. ಅದೇ ಗಡಿಯಾರ, ಅದೇ ನೋಟ. ನಿಮಿಷ ಕಳೆದರೂ ಬಿಡಳು.

“ಎಷ್ಟಮ್ಮ?”

“ಸುಮ್ನಿರು, ಲೆಕ್ಕ ತಪ್ಪುತ್ತೆ.” ಮತ್ತೆ ಮೊದಲಿಂದ ಎಣಿಸುತ್ತಿದ್ದಳು.

ಅಮ್ಮನಿಗೆ ಅರಳುಮರಳು ಎಂದುಕೊಂಡಿದ್ದಳು ಮಗಳು. ಹೋದ ತಿಂಗಳು ತಾಳ್ಮೆ ಕೆಟ್ಟು ಕೈ ಕಿತ್ತುಕೊಂಡಿದ್ದಳು: “ನಾನೇನು ನಿನ್ನ ಪೇಷೆಂಟಾ?”

*

ವಾಚ್ ರಿಪೇರಿ ಅಜ್ಜ ಒಳಗೆ ಬಂದು ಕೈಮುಗಿದ. ಭೂತಗನ್ನಡಿ ಇನ್ನೂ ಹಣೆಯ ಮೇಲೇ ಇತ್ತು. ಮಗಳ ಕೈಲಿದ್ದದ್ದನ್ನು ನೋಡಿ ಮುಖ ಅರಳಿತು.

“ಓ, ಇದಾ! ಇದು ನಿಂತು ಇಪ್ಪತ್ತು ವರ್ಷ ಆಯ್ತಲ್ಲಮ್ಮ.”

“ಇಪ್ಪತ್ತು ವರ್ಷ?”

“ರಿಟೈರಾದ ದಿನ ಕೆಳಗೆ ಬಿತ್ತಂತೆ. ಕೊಟ್ಟಿದ್ರೆ ಕಣ್ಣಿಗೆ ಬಟ್ಟೆ ಕಟ್ಕೊಂಡು ರಿಪೇರಿ ಮಾಡ್ತಿದ್ದೆ ನಾನು. ಮುಟ್ಟೋಕೇ ಬಿಡ್ಲಿಲ್ಲ.”

“ನಿಂತಿದ್ದು ಇಟ್ಕೊಂಡು ಏನು ಮಾಡ್ತಿದ್ಲು?”

“ಅದನ್ನೇ ಕೇಳ್ದೆ. ‘ಇದು ಓಡ್ತಿದ್ದಾಗ ಒಂದು ನಿಮಿಷ ಆದ್ಕೂಡ್ಲೆ ಮಕ್ಕಳ ಕೈ ಬಿಟ್ಟು ಡ್ಯೂಟಿಗೆ ಓಡ್ತಿದ್ದೆ. ಈಗ ನಿಂತಿದೆ, ನಿಂತೇ ಇರ್ಲಿ ಬಿಡಪ್ಪ. ಭಾನುವಾರ ಮಗಳು ಬರ್ತಾಳೆ’ ಅಂದ್ರು.”

ಮಗಳು ತಾಯಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಬಹಳ ಹೊತ್ತು ತೆಗೆಯಲಿಲ್ಲ.

“ಗಾಡಿ ಬಂತು, ಪುಟ್ಟಿ. ಹೊರಡೋಣ,” ಎಂದ ಅಣ್ಣ. ಆಮೇಲೆ ಮೆಲ್ಲಗೆ, “ಆಯ್ತು, ಗಡಿಯಾರ ಅಮ್ಮನ ಜೊತೆಗೇ ಹೋಗ್ಲಿ. ನಿನ್ನಿಷ್ಟ.”

ಈ ಸಲ ಪಿನ್ನು ಜಾರಲಿಲ್ಲ. ಒಂದೇ ಏಟಿಗೆ ಚುಚ್ಚಿಕೊಂಡಿತು, ಮಗಳ ಎದೆಗೆ, ತಲೆಕೆಳಗಾಗಿ. ಅವಳು ಅಣ್ಣನನ್ನು ಮಂಚದ ಅಂಚಿಗೆ ಕೂರಿಸಿ, ಬಾಳೆದಿಂಡಿನಂಥ ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತು ಬಗ್ಗಿಸಿ ನೋಡಿದಳು.

“ಎಷ್ಟೇ?” ಎಂದ ಅವನು, ಮೂಗು ಸೊರಸೊರ ಎಳೆಯುತ್ತ.

“ಸುಮ್ನಿರು, ಲೆಕ್ಕ ತಪ್ಪುತ್ತೆ.”

ಬಾಗಿಲಾಚೆ ಇಡೀ ಊರು ಕಾದು ನಿಂತಿತ್ತು. ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತೇ ಇತ್ತು.